ಬಿಚ್ಚಿ ಬಿಟ್ಟ ಮೇಲೆ ಗಬ್ಬ ನಿಂತವು

ಕಟ್ಟಿ ಹಾಕಿದ ಹಸು ಬೆದೆ (ಗಬ್ಬ ನಿಲ್ಲೋಕೆ ತಯಾರಾದ ಹೊತ್ತು) ಸರಿಯಾಗಿ ತೋರಿಸಲ್ಲ. ನಾನು ಹೇಳಬೇಕಿರುವುದು ಇಷ್ಟೇ. ಆದರೆ ಇದನ್ನು ಹೇಳಿದಾಗ ಬೆಂಗಳೂರು ಹೊರಗಿನ ನಮ್ಮ ರಾಜಾನುಕುಂಟೆ ಕಡೆ ನಕ್ಕವರೇ ಜಾಸ್ತಿ. "ಸೀಮೆ ಹಸು ಬಿಚ್ಚಿ ಬಿಟ್ರೆ ಗುದ್ದಾಡಿ ಕಾಲು ಮುರ್ಕೊಳ್ತವೆ, ಹಾಲೂ ಇಳಿಯುತ್ತೆ" ಅಂದರು. ಸೈಟ್ ಮಾಡಿ ಮಾರುವ ಜಾಗವನ್ನು ಹಸು ಅಡ್ಡಾಡೋಕೆ ಬಿಡ್ತೀಯೇನೋ ಅಂತ ನಮ್ಮ ಚಿಕ್ಕಪ್ಪ ಬೈದರು. ಈಗ ಅದೇ ಚಿಕ್ಕಪ್ಪ ಬಂದು ಬೇಲಿಗೆ ಎಷ್ಟು ಖರ್ಚಾಯಿತು ಅಂತ ವಿಚಾರಿಸಿಕೊಂಡು ಹೋಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇಪ್ಪತ್ತು ಚಿಲ್ಲರೆ ಎಚ್‌ಎಫ್ ಕ್ರಾಸ್ (ಹಾಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹಸುಗಳಿವೆ. ಮೊದಲು ಒಂದು ಕರುವಿನಿಂದ ಇನ್ನೊಂದು ಕರುವಿಗೆ ಹೆಚ್ಚುಕಡಿಮೆ ಒಂದೂವರೆ ವರ್ಷ ಆಗುತ್ತಿತ್ತು. ಹಾಲೂ ಇಲ್ಲದ, ಗಬ್ಬವೂ ಇಲ್ಲದ ಹಸು ಏನಿಲ್ಲ ಅಂದರೂ ದಿನಕ್ಕೆ 200 ರೂಪಾಯಿ ತಿನ್ನುತ್ತದೆ. ತಿಂಗಳಿಗೆ 6 ಸಾವಿರ. ಅಂಥವು ಐದಾರು ನಿಂತಿದ್ದರೆ ಡೈರಿ ಬಟವಾಡೆ ಎಲ್ಲಿ ಹೋಯಿತು ಅಂತ ಹುಡುಕುವುದೇ ಬೇಡ. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಕೂಡ ಹಾಲು ಹಾಕಿದರೆ ತಾನೇ ಬರೋದು.

ಮೊದಲು ಹಾರ್ಮೋನ್ ದಾರಿ ಹಿಡಿದೆ. ಮೊದಲ ದಿನ ಜಿಎನ್‌ಆರ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್) ಇಂಜೆಕ್ಷನ್, ವಾರ ಬಿಟ್ಟು ಪಿಜಿ (ಬೆದೆ ಬರಿಸುವ ಪ್ರೊಸ್ಟಾಗ್ಲಾಂಡಿನ್), ಎರಡು ದಿನ ಬಿಟ್ಟು ಮತ್ತೆ ಜಿಎನ್‌ಆರ್‌ಎಚ್, ಮರುದಿನ ಗಡಿಯಾರ ನೋಡಿ ಇನ್ಸೆಮಿನೇಷನ್ (ಕೃತಕ ಗರ್ಭಧಾರಣೆ). ಬೆದೆ ಕಾಯುವ ತಲೆನೋವೇ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನವರು 1995ರಲ್ಲಿ ಕೊಟ್ಟ ಲೆಕ್ಕ ಇದು, ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಹಸುವಿಗೆ 1,200ರಿಂದ 1,500 ಖರ್ಚಾಗಿ ಮೂರರಲ್ಲಿ ಒಂದು ನಿಂತರೆ ಹೆಚ್ಚು. ಮೈ ತುಂಬಿಕೊಂಡಿದ್ದವು ನಿಂತವು. ಈದ ಮೇಲೆ ಪಕ್ಕೆಲುಬು ಕಾಣುವಷ್ಟು ಇಳಿದಿದ್ದವು ಜಪ್ಪಯ್ಯ ಅನ್ನಲಿಲ್ಲ. ಅಂದಹಾಗೆ ಪಿಜಿ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಅದು ಚರ್ಮದಿಂದಲೇ ಒಳಗೆ ಹೋಗುತ್ತದೆ. ಬಸುರಿ ಹೆಂಗಸರು, ಉಬ್ಬಸ ಇರುವವರು ಆ ಬಾಟ್ಲಿ ಹತ್ತಿರವೂ ಹೋಗಬಾರದು. ಗಬ್ಬದ ಹಸುವಿಗೆ ಕೊಟ್ಟರಂತೂ ಕಂದು ಹಾಕುತ್ತದೆ, ಅಂದರೆ ಗಬ್ಬ ಬಿದ್ದುಹೋಗುತ್ತದೆ.

ಆಮೇಲೆ ಕುತ್ತಿಗೆ ಪಟ್ಟಿ. ಹಸು ಎಷ್ಟು ಓಡಾಡಿತು ಅಂತ ಲೆಕ್ಕ ಇಟ್ಟು ಮೊಬೈಲಿಗೆ ಮೆಸೇಜ್ ಕಳಿಸುವ ಯಂತ್ರ. ಕಟ್ಟಿ ಹಾಕಿದ ಹಸು ಎಲ್ಲಿಗೆ ಓಡಾಡಬೇಕು ಹೇಳಿ! ನೊಣ ಕಚ್ಚಿ ತಲೆ ಒದರಿದರೂ ಮೆಸೇಜ್. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. 30 ಸಾವಿರದ ಹತ್ತಿರ ಹೋಯಿತು, ಪಟ್ಟಿಗಳು ಇನ್ನೂ ಮೊಳೆಗೆ ನೇತಾಡುತ್ತಿವೆ.

ಹಾಗಾಗಿ ಕೊಟ್ಟಿಗೆ ಹಿಂದಿನ ಐದಾರು ಗುಂಟೆಗೆ ಹಳೇ ಜಿಐ ಪೈಪ್ ತಂದು ಬೇಲಿ ಹಾಕಿದೆ. ಗುಜರಿಯಲ್ಲಿ ಪೈಪ್, ವೆಲ್ಡಿಂಗ್ ಕೂಲಿ, ನೀರಿನ ತೊಟ್ಟಿ, ಅರ್ಧಕ್ಕೆ ನೆರಳು ಬಲೆ, ಎಲ್ಲ ಸೇರಿ ಒಂದೂವರೆ ಲಕ್ಷದ ಒಳಗೆ. ಕಾಂಕ್ರೀಟ್ ಹಾಕಿಸು ಅಂತ ಎಲ್ಲರೂ ಹೇಳಿದರು, ನಾನು ಹಾಕಿಸಲಿಲ್ಲ. ಬೆದೆ ಗೊತ್ತಾಗುವುದೇ ಹಸುಗಳು ಒಂದರ ಮೇಲೊಂದು ಹಾರುವುದರಿಂದ, ಜಾರುವ ನೆಲದಲ್ಲಿ ಅವು ಹಾರೋಕೆ ಹೆದರುತ್ತವೆ. ಮಣ್ಣಿನ ನೆಲವೇ ಬೇಕು. ಮಳೆಗಾಲದಲ್ಲಿ ಕೆಸರಾಗದ ಹಾಗೆ ಆ ಮಣ್ಣಿಗೆ ಏನು ಬೆರೆಸಿದ್ದೇನೆ ಅನ್ನುವುದು ಇಲ್ಲಿ ಬೇಡ, ಬಂದವರಿಗೆ ತೋರಿಸುತ್ತೇನೆ.

ಮೊದಮೊದಲು ಗುದ್ದಾಟ ಆಯಿತು, ಸುಳ್ಳು ಹೇಳಲ್ಲ. ಹಾಲು ಹಸುವಿಗೆ ಒಂದು ಲೀಟರಿನಷ್ಟು ಇಳಿಯಿತು. ಯಾರು ಯಜಮಾನಿ ಅಂತ ಅವುಗಳಲ್ಲೇ ತೀರ್ಮಾನ ಆದ ಮೇಲೆ ತಣ್ಣಗಾದವು, ಹಾಲೂ ವಾಪಸ್ ಬಂತು. ಕಡಸುಗಳನ್ನು ಮಾತ್ರ ಬೇರೆ ಬಿಡುತ್ತೇನೆ, ಇಲ್ಲದಿದ್ದರೆ ದೊಡ್ಡವು ಅವಕ್ಕೆ ನೀರು ಕುಡಿಯೋಕೂ ಬಿಡಲ್ಲ.

ಮೂಲೆಗೊಂದರಂತೆ ಎರಡು ವೈಫೈ ಕ್ಯಾಮೆರಾ ಹಾಕಿದೆ, ಒಂದಕ್ಕೆ 2,500 ಆಸುಪಾಸು. ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತಾ ರಾತ್ರಿಯ ವಿಡಿಯೊ ಓಡಿಸಿ ನೋಡುವುದು ನನ್ನ ಕೆಲಸ. ಆಗಲೇ ಗುಟ್ಟು ರಟ್ಟಾಗಿದ್ದು. ಬೆದೆಯ ಆಟವೆಲ್ಲ ನಡೆಯುವುದು ರಾತ್ರಿ ಹತ್ತರ ಮೇಲೆ, ನಾವು ಗೊರಕೆ ಹೊಡೆಯುವಾಗ!

ಒಂದು ಹಸು ರಾತ್ರಿ ಹತ್ತಕ್ಕೆ ಬೆದೆಗೆ ನಿಂತಿತು ಅನ್ನಿ. ನಾವು ಬೆದೆಯ ಲೋಳೆ ನೋಡುವುದು ಬೆಳಗ್ಗೆ ಆರಕ್ಕೆ, ಹಾಲು ಕರೆಯುವಾಗ. ಬೆಳಗ್ಗೆ ಕಂಡರೆ ಸಂಜೆ ವೀರ್ಯ ಹಾಕಿಸು ಅನ್ನುವ ಮಾತು ಹಿಡಿದುಕೊಂಡು ಸಂಜೆ ಆರಕ್ಕೆ ಹಾಕಿಸುತ್ತೇವೆ. ಅಷ್ಟೊತ್ತಿಗೆ 20 ಗಂಟೆ ಆಗಿಹೋಗಿದೆ. ಬೆದೆ ಶುರುವಾಗಿ 28 ಗಂಟೆ ಸುಮಾರಿಗೆ ಅಂಡ ಬಿಡುಗಡೆ ಆಗುತ್ತದೆ, ವೀರ್ಯ ಒಳಗೆ ಹೋಗಿ ತಯಾರಾಗೋಕೇ ಆರೇಳು ಗಂಟೆ ಬೇಕು. ಸ್ವಲ್ಪ ಆಚೀಚೆ ಆದರೂ 21 ದಿನ ದಂಡ. ಈಗ ಅದೇ ಹಸುವಿಗೆ ಬೆಳಗ್ಗೆ ಹತ್ತರೊಳಗೆ ಹಾಕಿಸುತ್ತೇನೆ. ನನ್ನ ಕೊಟ್ಟಿಗೆಯಲ್ಲಿ ರಿಪೀಟರ್ (ಎಷ್ಟು ಸಲ ಹಾಕಿಸಿದರೂ ಗಬ್ಬ ನಿಲ್ಲದ್ದು) ಅಂತ ಹೆಸರು ಹೊತ್ತುಕೊಂಡಿದ್ದವುಗಳಲ್ಲಿ ಅರ್ಧಕ್ಕರ್ಧ ಇಷ್ಟರಲ್ಲೇ ನಿಂತವು. ಅದರಲ್ಲಿ ಒಂದನ್ನು ಮಾರೋಕೆ ದಲ್ಲಾಳಿ ಹತ್ತಿರ 18 ಸಾವಿರಕ್ಕೆ ಮಾತೂ ಆಗಿತ್ತು. ಈಗ ಅದು ಬೆಳಗ್ಗೆ ಒಂದೇ ಹೊತ್ತಿಗೆ 11 ಲೀಟರ್ ಕೊಡುತ್ತಿದೆ.

ಬೆಳಗ್ಗೆ ಹತ್ತರೊಳಗೆ ಹಾಕಿಸಬೇಕು ಅಂದರೆ ಹಾಕುವವರು ಬರಬೇಕಲ್ಲ. ಭಾನುವಾರ, ಹಬ್ಬ, ಮದುವೆ ಅಂತ ನಾಳೆಗೆ ತಳ್ಳುವುದು ಎಲ್ಲ ಕಡೆ ಇದ್ದದ್ದೇ. ನಾನು ಪಕ್ಕದ ಊರಿನ ತರಬೇತಿ ಆದ ಹುಡುಗನ ಹತ್ತಿರ ಒಪ್ಪಂದ ಮಾಡಿಕೊಂಡೆ. ಬಂದು ಹೋದದ್ದಕ್ಕೆ ಪೆಟ್ರೋಲ್ ಖರ್ಚು ಅಷ್ಟೇ. ಎರಡು ತಿಂಗಳ ಮೇಲೆ ಡಾಕ್ಟ್ರು ಕೈ ಹಾಕಿ ನೋಡಿ ಗಬ್ಬ ಅಂದರೆ ಒಂದೇ ಸಲ ಒಳ್ಳೆ ಮೊತ್ತ. ಎಷ್ಟು ಅಂತ ಹೇಳಿದರೆ ನಿಮ್ಮೂರಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಆ ಹುಡುಗ ಈಗ ಫ್ಲಾಸ್ಕಿನಲ್ಲಿ ಬಿಸಿನೀರು, ಥರ್ಮಾಮೀಟರ್ ಇಟ್ಟುಕೊಂಡೇ ಬರುತ್ತಾನೆ. ಹೆಪ್ಪುಗಟ್ಟಿದ ವೀರ್ಯ ಇರುವ ಸ್ಟ್ರಾ (ಸಣ್ಣ ಕೊಳವೆ) ಕರಗಿಸೋಕೆ 37 ಡಿಗ್ರಿ, 30 ಸೆಕೆಂಡ್. ಸ್ಟ್ರಾ ಕಂಕುಳಲ್ಲಿ ಇಟ್ಟುಕೊಂಡು ಕರಗಿಸುವವರನ್ನು ನಾನು ಗೇಟಿನ ಒಳಗೆ ಬಿಡಲ್ಲ.

ಗಬ್ಬ ನೋಡಿಸದೆ ಮತ್ತೆ ಹಾಕಿಸಬೇಡಿ. ಗಬ್ಬದ ಹಸುಗಳಲ್ಲೂ ಕೆಲವು ಬೆದೆ ತೋರಿಸುತ್ತವೆ. ವೀರ್ಯ ಹಾಕುವ ಗನ್ ಗರ್ಭಕೋಶದ ಒಳಗೆ ಹೋದರೆ ಇದ್ದ ಗಬ್ಬವೂ ಹೋಗಬಹುದು. ಇನ್ನೊಂದು, ಬೆದೆ ಮುಗಿದು ಒಂದೆರಡು ದಿನಕ್ಕೆ ಬಾಲದಲ್ಲಿ ರಕ್ತ ಕಂಡರೆ ಗಬ್ಬ ನಿಲ್ಲಲಿಲ್ಲ ಅಂತ ಅರ್ಥ ಅಲ್ಲ. ಹಾಕಿಸಿದ ಹಸುವಾದರೆ ಸುಮ್ನೆ ಇರಿ. ಬೆದೆ ತಪ್ಪಿಹೋಗಿದ್ದ ಹಸುವಾದರೆ ಆ ತಾರೀಖು ಗೋಡೆ ಮೇಲೆ ಬರೆದು, 17ನೇ ದಿನದಿಂದ ಕಣ್ಣಿಡಿ. ಲೋಳೆ ಗಾಜಿನ ಹಾಗೆ ತಿಳಿಯಾಗಿ ಇಲ್ಲದೆ ಕೀವಿನ ಎಳೆ ಇದ್ದರೆ ಸ್ಟ್ರಾ ಉಳಿಸಿ, ಗರ್ಭಕೋಶಕ್ಕೆ ಔಷಧ ಮಾಡಿಸಿ, ಮುಂದಿನ ಬೆದೆಗೆ ನೋಡಿ. ಸತ್ತೆ (ಈದ ಮೇಲೆ ಬೀಳುವ ಮಾಸು) ಬೀಳದೆ ಕಷ್ಟಪಟ್ಟ ಹಸುಗಳಲ್ಲಿ ಇದು ಜಾಸ್ತಿ.

ಮಧ್ಯೆ ಬಾಲದ ಬುಡಕ್ಕೆ ಬಣ್ಣ ಬಳಿಯುವುದನ್ನೂ ಮಾಡಿದೆ. ಬೇರೆ ಹಸು ಮೇಲೆ ಹಾರಿದರೆ ಬಣ್ಣ ಉಜ್ಜಿಹೋಗಬೇಕು. ಎನಾಮಲ್ ಪೇಂಟ್ ಗಟ್ಟಿಯಾಗಿ ಕೂತುಬಿಟ್ಟಿತು. ರಂಗೋಲಿ ಬಣ್ಣಕ್ಕೆ ಹರಳೆಣ್ಣೆ ಕಲಸಿ ಹಚ್ಚಿದೆ, ಒಂದನ್ನೊಂದು ನೆಕ್ಕಿ ಖಾಲಿ ಮಾಡಿದವು. "ಹಣೆಗೆ ಇಡೋದು ಬಿಟ್ಟು ಅಲ್ಲಿ ಯಾಕೋ ಇಡ್ತೀಯ" ಅಂತ ನಮ್ಮಮ್ಮ ಗೊಣಗಿದ್ದೇ ಬಂತು. ಕ್ಯಾಮೆರಾ ಬಂದ ಮೇಲೆ ಅದನ್ನು ಬಿಟ್ಟೆ.

ಯಲಹಂಕ ಹತ್ತಿರದ ಟಿಡಿಯು (ಟ್ರಾನ್ಸ್-ಡಿಸಿಪ್ಲಿನರಿ) ವಿಶ್ವವಿದ್ಯಾಲಯದವರ ನಾಟಿ ಮದ್ದೂ ಕೊಟ್ಟೆ. ಬೆದೆಗೆ ಬಂದ ದಿನದಿಂದ ಶುರು ಮಾಡಿ ಮೂಲಂಗಿ, ಆಮೇಲೆ ಲೋಳೆಸರ, ನುಗ್ಗೆ ಸೊಪ್ಪು, ಮಂಗರವಳ್ಳಿ, ಕೊನೆಗೆ ಅರಿಶಿನ ಸೇರಿಸಿದ ಕರಿಬೇವು, ಒಂದೊಂದೂ ನಾಲ್ಕೈದು ದಿನ, ಬೆಲ್ಲ ಉಪ್ಪಿನ ಜೊತೆ. ಕೆಲವು ನಿಂತವು. ಆದರೆ ಅದೇ ಹೊತ್ತಿಗೆ ನಾನು ಮೇವೂ ಬದಲಾಯಿಸಿದ್ದೆ, ಹಾಗಾಗಿ ಪುಣ್ಯ ಯಾರಿಗೆ ಅಂತ ಹೇಳೋಕೆ ಬರಲ್ಲ. ಖರ್ಚಂತೂ ಇಲ್ಲ, ಬೇಲಿಯಲ್ಲೇ ಬೆಳೆಯುತ್ತವೆ.

ಮೇವು ಅಂದೆನಲ್ಲ, ಬೆಂಗಳೂರಿನ ಸುತ್ತ ಹಸು ಸಾಕುವವರಿಗೆ ಬ್ರೂವರಿ ವೇಸ್ಟ್ (ಬಿಯರ್ ಮಾಡಿ ಉಳಿದ ಧಾನ್ಯದ ಚರಟ) ಅಂದರೆ ಆಸೆ. ಅಗ್ಗ, ಹಾಲೂ ಏರುತ್ತದೆ. ಹೊಸದಾಗಿದ್ದರೆ ಹಾಕಿ. ಡ್ರಮ್ಮಿನಲ್ಲಿ ಉಳಿದು ಬೂಷ್ಟು ಹಿಡಿದದ್ದನ್ನು ಹಾಕಿದರೆ ಕೆಲವು ಬೂಷ್ಟಿನ ವಿಷ ಹೆಣ್ಣು ಹಾರ್ಮೋನ್ ಥರಾನೇ ಕೆಲಸ ಮಾಡಿ, ಇಲ್ಲದ ಬೆದೆ ತೋರಿಸುತ್ತದೆ. ಕೆಟ್ಟ ಸೈಲೇಜೂ ಹಾಗೇ. ಈಯುವುದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸಿ, ಆಗಲೇ ಖನಿಜ ಮಿಶ್ರಣ ಸರಿಯಾಗಿ ಕೊಡಿ. ಈದ ಮೇಲೆ ದುಡ್ಡು ಸುರಿದರೆ ಅದು ಹಾಲಿಗೆ ಹೋಗುತ್ತದೆ, ಗರ್ಭಕೋಶಕ್ಕೆ ಅಲ್ಲ. ಕೊನೆಯ ಮೂರು ವಾರ ನಾನು ಬೆಲ್ಲದ ನೀರಿಗೆ ಸೇರಿಸುವುದು ಇನ್ನೊಂದಿದೆ, ಅದು ಮನೆಯ ಗುಟ್ಟು.

ಈಗ ಕರುವಿನಿಂದ ಕರುವಿಗೆ 13 ತಿಂಗಳು ಚಿಲ್ಲರೆ. ಖಾಲಿ ನಿಂತ ಹಸು ಒಂದೋ ಎರಡೋ. ಬೇಲಿ ಮತ್ತು ಕ್ಯಾಮೆರಾ ದುಡ್ಡು ವರ್ಷದೊಳಗೆ ಬಂತು.

ಹೆಣ್ಣು ಕರುವೇ ಹುಟ್ಟಲಿ ಅಂತ ಬೇರ್ಪಡಿಸಿದ ಸೀಮನ್ (ವೀರ್ಯ) ಬಗ್ಗೆ ಎಲ್ಲರೂ ಕೇಳುತ್ತಾರೆ. ಹತ್ತರಲ್ಲಿ ಒಂಬತ್ತು ಹೆಣ್ಣೇ, ಅದು ನಿಜ. ಆದರೆ ಸಾಮಾನ್ಯ ಸ್ಟ್ರಾ ನಿಂತಷ್ಟು ಇದು ನಿಲ್ಲಲ್ಲ. ಅದನ್ನು ಹೋದ ಏಪ್ರಿಲ್‌ನಲ್ಲಿ ದೊಡ್ಡ ಹಸುಗಳಿಗೆ ಹಾಕಿಸಿದಾಗ ಒಂದೂ ಹಿಡಿಯಲಿಲ್ಲ, ಬಿಸಿಲಿಗೆ ಬೆದೆಯೇ ಮಂಕಾಗಿತ್ತು. ಈಗ ಕಡಸುಗಳಿಗೆ ಮಾತ್ರ, ಅದೂ ಎದೆ ಸುತ್ತಳತೆ ಹಿಡಿದು ಲೆಕ್ಕ ಹಾಕಿ 250 ಕೆಜಿ ದಾಟಿದವಕ್ಕೆ ಮಾತ್ರ. ಉಳಿದವಕ್ಕೆ ಮಾಮೂಲಿ ಸ್ಟ್ರಾ. ಯಾವ ಹೋರಿ ನಂಬರ್ ಅಂತ ಕೇಳಬೇಡಿ, ಬರೆದರೆ ನಾಳೆ ನನಗೇ ಸಿಗಲ್ಲ. ಮೂರು ಕಡಸು ತಯಾರಿವೆ, ನವೆಂಬರ್‌ಗೆ ಕಾಯಿಸಿದ್ದೇನೆ.