ಮೆತ್ತಗಿನ ಚಾಕೊಲೇಟ್ ಚಿಪ್ ಕುಕೀ: ಬೆಂದಿಲ್ಲ ಅನ್ನಿಸುವಾಗಲೇ ಹೊರಗೆ ತೆಗೆಯಿರಿ

ಮನೆಯಲ್ಲಿ ಮಾಡಿದ ಕುಕೀ ಬಿಸ್ಕತ್ತಿನ ಹಾಗೆ ಗಟ್ಟಿಯಾಗಿಬಿಟ್ಟರೆ ಮೊದಲು ಅನುಮಾನ ಪಡಬೇಕಾದದ್ದು ರೆಸಿಪಿಯನ್ನಲ್ಲ, ಗಡಿಯಾರವನ್ನು. ಎರಡು ನಿಮಿಷ ಜಾಸ್ತಿ ಬೆಂದರೂ ಸಾಕು, ಮೆತ್ತಗಿರಬೇಕಾದದ್ದು ಕಟಕಟ ಅನ್ನುತ್ತದೆ. ಅದಕ್ಕೆ ಬರೋಣ. ಮೊದಲು ಹಿಟ್ಟು.

ಬೇಕಾದದ್ದು ಇಷ್ಟು: ಮೈದಾ 250 ಗ್ರಾಂ, ಉಪ್ಪಿಲ್ಲದ ಬೆಣ್ಣೆ 170 ಗ್ರಾಂ, ಬ್ರೌನ್ ಶುಗರ್ 200 ಗ್ರಾಂ, ಬಿಳಿ ಸಕ್ಕರೆ 100 ಗ್ರಾಂ, ಒಂದು ಪೂರ್ತಿ ಮೊಟ್ಟೆ, ಇನ್ನೊಂದು ಮೊಟ್ಟೆಯ ಹಳದಿ ಮಾತ್ರ, ವೆನಿಲ್ಲಾ ಎಸೆನ್ಸ್ 2 ಟೀ ಚಮಚ, ಬೇಕಿಂಗ್ ಸೋಡಾ ಮತ್ತು ಉಪ್ಪು ತಲಾ ಅರ್ಧ ಟೀ ಚಮಚ, ಚಾಕೊಲೇಟ್ ಚಿಪ್ಸ್ 200 ಗ್ರಾಂ. ಮೈದಾವನ್ನು ದಯವಿಟ್ಟು ತೂಕ ಮಾಡಿ. ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ ಅದೇ ಕಪ್ಪಿನಲ್ಲಿ 20-30 ಗ್ರಾಂ ಜಾಸ್ತಿ ಬರುತ್ತದೆ, ಕುಕೀ ಒಣಗುತ್ತದೆ.

ಬ್ರೌನ್ ಶುಗರ್ ಬದಲು ಬರೀ ಬಿಳಿ ಸಕ್ಕರೆ ಹಾಕಬಹುದಾ? ಹಾಕಬಹುದು, ಆದರೆ ಈ ಮೆತ್ತಗಿನ ಕುಕೀ ಸಿಗುವುದಿಲ್ಲ. ಬ್ರೌನ್ ಶುಗರ್‌ನಲ್ಲಿ ಕಾಕಂಬಿ ಇರುತ್ತದೆ, ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಹುಳಿ ಗುಣ ಸೋಡಾ ಕೆಲಸ ಮಾಡುವುದಕ್ಕೂ ಬೇಕು. ಬಿಳಿ ಸಕ್ಕರೆಯದು ಅಂಚನ್ನು ಗರಿಗರಿ ಮಾಡುವ ಕೆಲಸ. ಹೆಚ್ಚುವರಿ ಹಳದಿ ಹಾಕುವುದು ಅದರ ಕೊಬ್ಬಿಗಾಗಿ. ಬಿಳಿ ಭಾಗ ಹೆಚ್ಚಾದರೆ ಕುಕೀ ಕೇಕಿನ ಕಡೆ ವಾಲುತ್ತದೆ.

ಬೆಣ್ಣೆಯನ್ನು ಕರಗಿಸಿ, ಬೆರಳಿಟ್ಟರೆ ಉಗುರುಬೆಚ್ಚಗೆ ಅನ್ನಿಸುವಷ್ಟು ಆರಲು ಬಿಡಿ, ಇಲ್ಲದಿದ್ದರೆ ಮೊಟ್ಟೆ ಅಲ್ಲೇ ಬೆಂದುಹೋಗುತ್ತದೆ. ಗಟ್ಟಿ ಬೆಣ್ಣೆಯನ್ನು ಸಕ್ಕರೆ ಜೊತೆ ನೊರೆ ಬರುವ ಹಾಗೆ ಕಡೆದರೆ ಗಾಳಿ ಸೇರಿ ಕುಕೀ ಉಬ್ಬುತ್ತದೆ. ನಮಗೆ ಬೇಕಾದದ್ದು ಉಬ್ಬುವುದಲ್ಲ, ಜಗಿಯುವಂತಿರುವುದು, ಹಾಗಾಗಿ ಕರಗಿಸಿದ್ದೇ ಸರಿ. ಎರಡೂ ಸಕ್ಕರೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಮೊಟ್ಟೆ, ಹಳದಿ, ವೆನಿಲ್ಲಾ. ಮೈದಾ, ಸೋಡಾ, ಉಪ್ಪನ್ನು ಜರಡಿ ಹಿಡಿದು ಸೇರಿಸಿ, ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ಇಲ್ಲಿ ನಾದುವ ಕೆಲಸ ಇಲ್ಲವೇ ಇಲ್ಲ. ಕೊನೆಗೆ ಚಿಪ್ಸ್ ಹಾಕಿ ಮಗುಚಿ.

ಈಗ ಹಿಟ್ಟನ್ನು ಮುಚ್ಚಿ ಫ್ರಿಜ್‌ನಲ್ಲಿಡಿ. ಕಡಿಮೆ ಅಂದರೂ ಒಂದು ಗಂಟೆ, ರಾತ್ರಿಯಿಡೀ ಇಟ್ಟರೆ ಇನ್ನೂ ರುಚಿ. ಸುಮ್ನೆ ಕಾಯಬೇಕಾ ಅನ್ನಿಸುತ್ತದೆ ಅಲ್ವಾ? ಆದರೆ ಕರಗಿಸಿದ ಬೆಣ್ಣೆ ಮತ್ತೆ ಗಟ್ಟಿಯಾಗದೆ ಹೋದರೆ ಟ್ರೇನಲ್ಲಿ ಕುಕೀಗಳು ಹರಡಿ ಒಂದಕ್ಕೊಂದು ಅಂಟಿ ತೆಳ್ಳಗಾಗುತ್ತವೆ. ಈ ಹಂತ ಬಿಡಬೇಡಿ.

ಓವನ್ ಅನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿಡಿ. ಸುಮಾರು 40 ಗ್ರಾಂ ತೂಕದ ಉಂಡೆ ಕಟ್ಟಿ, ಬೇಕಿಂಗ್ ಪೇಪರ್ ಹಾಸಿದ ಟ್ರೇ ಮೇಲೆ ಮೂರು ಬೆರಳಿನಷ್ಟು ಜಾಗ ಬಿಟ್ಟು ಇಡಿ, ಒತ್ತಬೇಡಿ. ಹತ್ತನೇ ನಿಮಿಷಕ್ಕೆ ನೋಡಲು ಶುರುಮಾಡಿ. ಅಂಚು ತಿಳಿ ಹೊಂಬಣ್ಣಕ್ಕೆ ತಿರುಗಿರಬೇಕು, ನಡುಭಾಗ ಬಿಳಿಚಿಕೊಂಡು, ಸ್ವಲ್ಪ ಉಬ್ಬಿ, ಮುಟ್ಟಿದರೆ ಕುಸಿಯುವಷ್ಟು ಮೆತ್ತಗೆ ಇರಬೇಕು. ಇನ್ನೂ ಬೆಂದಿಲ್ಲ, ಒಂದೆರಡು ನಿಮಿಷ ಇರಲಿ ಅಂತ ಕೈ ಹಿಂದೆಗೆಯುವುದು ಈ ಕ್ಷಣದಲ್ಲೇ. ಆಗಲೇ ತೆಗೆಯಬೇಕು. ಬಿಸಿ ಟ್ರೇ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟರೆ ನಡುಭಾಗ ಅದೇ ಬಿಸಿಗೆ ಹದವಾಗುತ್ತದೆ, ಉಬ್ಬಿದ್ದು ತಾನಾಗಿ ಇಳಿದು ಮೇಲೆ ಸಣ್ಣ ಬಿರುಕು ಮೂಡುತ್ತದೆ. ಬಿಸಿಯಲ್ಲೇ ಎತ್ತಲು ಹೋದರೆ ಮುರಿಯುತ್ತದೆ.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಮೂರು ದಿನ ಮೆತ್ತಗೇ ಇರುತ್ತವೆ. ಎಲ್ಲವನ್ನೂ ಒಂದೇ ದಿನ ಸುಡಬೇಕಿಲ್ಲ. ಉಂಡೆಗಳನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಕರಗಲು ಬಿಡದೆ ನೇರ ಓವನ್‌ಗೆ ಹಾಕಿ, ಎರಡು ನಿಮಿಷ ಹೆಚ್ಚಿಗೆ ಕೊಡಿ.