ಪರದೇಶದ ವೈದ್ಯಕೀಯ ಶಿಬಿರದಲ್ಲಿ ನನ್ನ ಮೊದಲ ದಿನಗಳು

ಹೊರಡುವ ಮುಂಚಿನ ತಯಾರಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು, ಅದರ ಪ್ರಮಾಣಪತ್ರ ಊರ್ಜಿತವಾಗುವುದು 10 ದಿನ ಕಳೆದ ಮೇಲೆಯೇ. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ನುಂಗುವವರು ವಾಪಸು ಬಂದ ಮೇಲೂ ನಾಲ್ಕು ವಾರ ನಿಲ್ಲಿಸುವಂತಿಲ್ಲ. ನಮ್ಮ ವೈದ್ಯಕೀಯ ನೋಂದಣಿ ಆ ದೇಶದಲ್ಲಿ ನಡೆಯುವುದಿಲ್ಲ. ಅಲ್ಲಿನ ತಾತ್ಕಾಲಿಕ ಪರವಾನಗಿ ಕೈಗೆ ಬರುವ ತನಕ ಟಿಕೆಟ್ ಮಾಡಿಸಬೇಡಿ.

ಹೋದ ದಿನವೇ ರೋಗಿಗಳನ್ನು ನೋಡುವ ಆಸೆ ನನಗಿತ್ತು. ಆದರೆ ಆ ದಿನ ಪೂರ್ತಿ ಔಷಧಿ ವಿಂಗಡಿಸುವುದರಲ್ಲೇ ಕಳೆಯಿತು. ನಾವು ಹೊತ್ತು ತಂದಿದ್ದ ಪೆಟ್ಟಿಗೆಗಳ ಮುಂದೆ ಅಲ್ಲಿನ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ಕೂತು ಒಂದೊಂದೇ ಡಬ್ಬಿಯ ದಿನಾಂಕ ನೋಡುತ್ತಿದ್ದರು. ದಾನದ ಔಷಧಿ ತಲುಪುವಾಗ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷವಾದರೂ ಉಳಿದಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅದನ್ನು ನಾವು ನೋಡಿಕೊಂಡಿದ್ದೆವು. ಅವರ ತಕರಾರು ಬೇರೆಯೇ ಇತ್ತು. ಎರಡು ಔಷಧಿ ಸೇರಿಸಿದ ಬಿಪಿ ಮಾತ್ರೆಯ ಸ್ಟ್ರಿಪ್ ಒಂದನ್ನು ಎತ್ತಿ ಹಿಡಿದು, "ಇದನ್ನು ಶುರು ಮಾಡಿಸಿ ನೀವು ಹೋಗುತ್ತೀರಿ. ಮುಂದಿನ ತಿಂಗಳು ನಾನು ಎಲ್ಲಿಂದ ತರಲಿ ಡಾಕ್ಟರ್?" ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ಬಿಪಿ ಔಷಧಿಯೆಂದರೆ ವಾರದ ಮಾತಲ್ಲ, ವರ್ಷಗಟ್ಟಲೆ ನುಂಗಬೇಕಾದ್ದು. ಆ ಪೆಟ್ಟಿಗೆಯನ್ನು ಬದಿಗಿಟ್ಟು, ಅವರ ಅಗತ್ಯ ಔಷಧಿ ಪಟ್ಟಿಯಲ್ಲಿದ್ದ ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯೊಂದನ್ನೇ ಇಟ್ಟುಕೊಂಡೆವು. ಅವರು ಆ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತೆಂದು ಈಗಲೂ ಅನಿಸುತ್ತದೆ.

ಎರಡನೇ ದಿನ ಶಾಲೆಯ ಕೋಣೆಯೊಂದರಲ್ಲಿ ಶಿಬಿರ. ನಾವು ಮುಟ್ಟುವ ಹೊತ್ತಿಗೆ ಸಾಲು ಅಂಗಳ ದಾಟಿತ್ತು. ದುಭಾಷಿ ಹುಡುಗ ಚುರುಕಾಗಿದ್ದ. ನಾನು ಅವನ ಮುಖ ನೋಡಿ ಪ್ರಶ್ನೆ ಕೇಳುತ್ತಿದ್ದೆ, ರೋಗಿಯೂ ಅವನನ್ನೇ ನೋಡಿ ಉತ್ತರ ಕೊಡುತ್ತಿದ್ದರು. ಮೂರು ನಿಮಿಷ ಮಾತಾಡಿದ್ದಕ್ಕೆ ನನಗೆ ಸಿಗುತ್ತಿದ್ದದ್ದು "ಹೊಟ್ಟೆ ನೋವಂತೆ" ಎಂಬ ಒಂದು ಮಾತು. ಮಧ್ಯಾಹ್ನದ ಮೇಲೆ ಅವನ ಕುರ್ಚಿಯನ್ನು ರೋಗಿಯ ಪಕ್ಕಕ್ಕೆ, ತುಸು ಹಿಂದಕ್ಕೆ ಸರಿಸಿದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿದೆ. "ನೋವಿದೆಯಾ?" ಅನ್ನುವುದನ್ನು ಬಿಟ್ಟು "ಎಲ್ಲಿ ನೋಯುತ್ತದೆ, ತೋರಿಸಿ" ಅಂದೆ. ಆಗ ಜನ ನನ್ನ ಕಡೆ ತಿರುಗಿದರು.

ಒಬ್ಬ ಹೆಂಗಸಿನ ಜೊತೆ ಆಕೆಯ ಮಗ ಬಂದಿದ್ದ, ಇನ್ನೂ ಚಿಕ್ಕ ಹುಡುಗ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ತಾನೇ ಹೇಳುತ್ತೇನೆಂದು ಮುಂದೆ ಬಂದ. ಆಕೆ ತಲೆ ತಗ್ಗಿಸಿ ಸೊಂಟ ನೋವು ಅಂದಳು, ಅಷ್ಟೇ. ಹುಡುಗನನ್ನು ಹೊರಗೆ ಕೂರಿಸಿ ಆ ನರ್ಸ್ ಅವರನ್ನೇ ಕರೆದಾಗ ಬಿಳಿಸೆರಗು, ಉರಿಮೂತ್ರ, ತಿಂಗಳುಗಟ್ಟಲೆ ನುಂಗಿಕೊಂಡ ಸಂಕಟ ಎಲ್ಲವೂ ಹೊರಬಂತು. ಮಕ್ಕಳ ಬಾಯಿಂದ ತಾಯಿಯ ಕಾಯಿಲೆ ಹೇಳಿಸಬಾರದು. ಇದನ್ನು ನಾನು ಹೊರಡುವ ಮುಂಚೆಯೇ ತಿಳಿದಿರಬೇಕಿತ್ತು.

ಮೂರನೇ ದಿನ ಭೇದಿಯಾಗಿ ಸೊರಗಿದ ಮಗುವೊಂದು ಬಂತು, ತೂಕ 8 ಕಿಲೋ. ಕಣ್ಣು ಗುಳಿ ಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತಿತ್ತು. ಆದರೆ ಚಮಚ ಬಾಯಿಗಿಟ್ಟರೆ ಆತುರದಿಂದ ಕುಡಿಯುತ್ತಿತ್ತು. ಕಿಲೋಗೆ 75 ಮಿಲೀ ಲೆಕ್ಕದಲ್ಲಿ ನಾಲ್ಕು ಗಂಟೆಯಲ್ಲಿ 600 ಮಿಲೀ ಉಪ್ಪು-ಗ್ಲೂಕೋಸ್ ಬೆರೆಸಿದ ನೀರು, ಅಂದರೆ ಓಆರ್‌ಎಸ್ ಕುಡಿಸಬೇಕು. ಅಲ್ಲೇ ಕೂರಿಸಿ ಚಮಚ ಚಮಚವಾಗಿ ಕುಡಿಸಿದೆವು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ. ಸಂಜೆಯ ಹೊತ್ತಿಗೆ ಮಗು ಅಮ್ಮನ ಸರ ಎಳೆಯತೊಡಗಿತು. ನನ್ನ ಕಣ್ಣು ತುಂಬಿತು.

ಮನೆಗೆ ಕಳಿಸುವಾಗ ಸತುವಿನ ಮಾತ್ರೆ, ಓಆರ್‌ಎಸ್ ಪೊಟ್ಟಣ ಕೊಟ್ಟು "ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ" ಅಂದೆ. ದುಭಾಷಿ ಹೇಳಿದ, ತಾಯಿ ತಲೆಯಾಡಿಸಿದಳು. ನಾನು ಮುಂದಿನವರನ್ನು ಕರೆಯುವವಳಿದ್ದೆ. ನರ್ಸ್ ತಡೆದು, "ಮನೆಯಲ್ಲಿ ಯಾವುದರಲ್ಲಿ ಕಲಸುತ್ತೀಯಾ, ತೋರಿಸು" ಎಂದು ಆಕೆಯನ್ನು ಕೇಳಿದರು. ತಾಯಿ ಮೇಜಿನ ಮೇಲಿದ್ದ ನನ್ನ ನೀರಿನ ಲೋಟ ತೋರಿಸಿದಳು. ಒಂದು ಲೋಟಕ್ಕೆ ಇಡೀ ಪೊಟ್ಟಣ! ಅಷ್ಟು ಉಪ್ಪಿನಂಶ ಒಳಗೆ ಹೋಗಿದ್ದರೆ ಮಗುವಿಗೆ ಅದೇ ಕಂಟಕವಾಗುತ್ತಿತ್ತು. ನನ್ನ ಕೈ ತಣ್ಣಗಾಯಿತು.

ನೀರಿನ ಖಾಲಿ ಬಾಟಲಿಗಳನ್ನು ಆರಿಸಿದೆವು. ಅಳತೆ ಜಾಡಿಯಿಂದ ಒಂದು ಲೀಟರ್ ಸುರಿದು, ನೀರು ನಿಂತಲ್ಲಿ ಮಾರ್ಕರ್‌ನಿಂದ ಗೆರೆ ಎಳೆದೆವು. ಆ ತಾಯಿ ನಮ್ಮೆದುರೇ ಗೆರೆಯ ತನಕ ಶುದ್ಧ ನೀರು ತುಂಬಿಸಿ, ಪೊಟ್ಟಣ ಒಡೆದು ಸುರಿದು, ಕುಲುಕಿ ತೋರಿಸಿದಳು. ಉಳಿದದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕೆಂದು ನನಗೆ ತಿರುಗಿ ಹೇಳಿದಳು. ಬಾಟಲಿಯನ್ನು ಮಗುವಿನ ಜೊತೆ ಸೆರಗಿನೊಳಗೆ ಕಟ್ಟಿಕೊಂಡು ಹೊರಟಳು.

ಆ ರಾತ್ರಿ ಇನ್ನಷ್ಟು ಬಾಟಲಿಗಳಿಗೆ ಗೆರೆ ಎಳೆದೆ. ನಾಲ್ಕನೇ ದಿನ ಬೆಳಿಗ್ಗೆ ನನ್ನ ಮೇಜನ್ನು ನರ್ಸ್ ಮೇಜಿಗೆ ತಾಗಿಸಿ ಹಾಕಿಕೊಂಡೆ. ನಮ್ಮ ತಂಡದ ಹಾಳೆಗಳನ್ನು ಬಿಟ್ಟು ಅವರ ಕೇಂದ್ರದ ರಿಜಿಸ್ಟರಿನಲ್ಲೇ ಬರೆಯತೊಡಗಿದೆ. ಹಿಂದಿನ ಮೂರು ದಿನದ ಚೀಟಿಗಳನ್ನೂ ಅದರಲ್ಲಿ ಏರಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಹೊರಗೆ ಸಾಲು ಕಾಯುತ್ತಿತ್ತು, ಆದರೂ ಅದನ್ನು ಮುಗಿಸಿಯೇ ಎದ್ದೆ.