ಕೆಟ್ಟ ಸುದ್ದಿ ಮೊದಲು ನಿಮಗೇ ತಲುಪಬೇಕಾದರೆ: ತಂಡದ ವಿಶ್ವಾಸ ಗಳಿಸುವ ಬಗೆ

ತಂಡದವರಿಗೆ ನಿಮ್ಮ ಮೇಲೆ ನಂಬಿಕೆಯಿದೆಯೇ ಎಂದು ಅವರನ್ನೇ ಕೇಳಿದರೆ ನಿಜವಾದ ಉತ್ತರ ಸಿಗುವುದು ಕಷ್ಟ. ಅದರ ಬದಲು, ಕೆಲಸ ಕೆಟ್ಟಾಗ ಆ ಸುದ್ದಿ ಯಾರಿಂದ, ಎಷ್ಟು ಬೇಗ ನಿಮ್ಮ ಕಿವಿಗೆ ಬೀಳುತ್ತದೆ ಎಂಬುದನ್ನು ಗಮನಿಸಿ. ತಪ್ಪು ಮಾಡಿದವರೇ ಅಂದೇ ಬಂದು ಹೇಳುತ್ತಿದ್ದರೆ ವಿಶ್ವಾಸವಿದೆಯೆಂದು ತಿಳಿಯಬಹುದು. ಗ್ರಾಹಕರ ದೂರಿನಿಂದಲೋ ಲೆಕ್ಕಪರಿಶೋಧಕರ ಟಿಪ್ಪಣಿಯಿಂದಲೋ ಗೊತ್ತಾಗುತ್ತಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಮೇಯರ್, ಡೇವಿಸ್ ಮತ್ತು ಶೂರ್ಮನ್ ಎಂಬ ಸಂಶೋಧಕರು 1995ರಲ್ಲಿ ಮಂಡಿಸಿದ ವಿವರಣೆಯಂತೆ, ಒಬ್ಬರನ್ನು ನಂಬುವಾಗ ಜನ ಅವರ ಸಾಮರ್ಥ್ಯ, ತಮ್ಮ ಬಗ್ಗೆ ಅವರಿಗಿರುವ ಹಿತಚಿಂತನೆ ಮತ್ತು ನಡೆನುಡಿಯ ಪ್ರಾಮಾಣಿಕತೆ ಎಂಬ ಮೂರನ್ನು ತೂಗಿನೋಡುತ್ತಾರೆ. ಬಹುತೇಕ ಮುಖ್ಯಸ್ಥರು ಮೊದಲನೆಯದನ್ನು ತೋರಿಸುವುದರಲ್ಲೇ ದಣಿಯುತ್ತಾರೆ. ಉಳಿದೆರಡು ಪರೀಕ್ಷೆಗೊಳಗಾಗುವುದು ಕೆಟ್ಟ ಸುದ್ದಿ ಬಂದ ಗಳಿಗೆಯಲ್ಲಿ.

ನಿನ್ನೆ ಕಳುಹಿಸಿದ ವರದಿಯಲ್ಲಿ ಅಂಕಿಗಳು ತಪ್ಪಾಗಿವೆ ಎಂದು ಸಹೋದ್ಯೋಗಿಯೊಬ್ಬರು ಬಂದು ಹೇಳಿದರೆನ್ನಿ. ಆಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ‘ಯಾರು ಮಾಡಿದ್ದು?’ ಎಂದಾದರೆ, ಮುಂದಿನ ತಪ್ಪು ನಿಮ್ಮವರೆಗೆ ಬರುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು, ಈ ವರದಿ ಯಾರ ಕೈ ಸೇರಿದೆ, ಸರಿಪಡಿಸಿದ್ದನ್ನು ಎಷ್ಟು ಹೊತ್ತಿಗೆ ಕಳುಹಿಸಬಹುದು?’ ಎಂದು ಕೇಳಿ, ಕಾರಣದ ವಿಚಾರಣೆಯನ್ನು ಕೆಲಸ ಸರಿಹೋದ ಮೇಲೆ ಇಟ್ಟುಕೊಳ್ಳಿ. ಟೊಯೋಟಾದ ಜೋಡಣಾ ಸಾಲಿನಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಸೂಚನೆ ಕೊಟ್ಟಾಗ ತಂಡದ ಮುಂದಾಳು ನೆರವಿಗಾಗಿ ಅವನಿದ್ದಲ್ಲಿಗೇ ಬರುವ ಪದ್ಧತಿಯ ಹಿಂದೆ ಇರುವುದೂ ಇದೇ ತರ್ಕ.

ಇಲ್ಲೊಂದು ಎಚ್ಚರಿಕೆ ಬೇಕು. ವಿಶ್ವಾಸ ಹೆಚ್ಚಿದಂತೆ ವರದಿಯಾಗುವ ತಪ್ಪುಗಳ ಸಂಖ್ಯೆ ಇಳಿಯುವ ಬದಲು ಏರಬಹುದು. ಆಸ್ಪತ್ರೆಗಳಲ್ಲಿ ಔಷಧ ನೀಡಿಕೆಯ ತಪ್ಪುಗಳನ್ನು ಕುರಿತು 1990ರ ದಶಕದಲ್ಲಿ ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್ ಅವರಿಗೆ, ಹೊಂದಾಣಿಕೆ ಚೆನ್ನಾಗಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದುದು ಕಂಡಿತು; ಆ ತಂಡಗಳು ತಪ್ಪುಗಳನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದುದೇ ಇದಕ್ಕೆ ಕಾರಣವಿರಬೇಕೆಂದು ಅವರು ಗ್ರಹಿಸಿದರು. ಹಾಗೆಂದು ಪದೇಪದೇ ಆಗುವ ಅಸಡ್ಡೆಯನ್ನು ಸಹಿಸಬೇಕಿಲ್ಲ. ಅದನ್ನು ಸಂಬಂಧಪಟ್ಟವರೊಂದಿಗೆ ಪ್ರತ್ಯೇಕವಾಗಿ, ನಿರ್ದಿಷ್ಟ ಘಟನೆಗಳನ್ನು ಮುಂದಿಟ್ಟು ಮಾತನಾಡದಿದ್ದರೆ, ಅಚ್ಚುಕಟ್ಟಾಗಿ ದುಡಿಯುವವರು ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ.

ಮಾತು ಕೊಡುವಾಗ ಜಿಪುಣರಾಗಿರಿ. ಬಡ್ತಿ ನಿಮ್ಮ ಕೈಯಲ್ಲಿಲ್ಲದಿದ್ದರೆ ‘ನೋಡೋಣ’ ಎಂದು ತೇಲಿಸದೆ, ಶಿಫಾರಸು ಮಾಡುವವರೆಗಷ್ಟೇ ನಿಮ್ಮ ಅಧಿಕಾರ ಎಂದು ನೇರವಾಗಿ ಹೇಳಿ, ಶಿಫಾರಸನ್ನು ಯಾವಾಗ ಕಳುಹಿಸುತ್ತೀರೆಂದೂ ತಿಳಿಸಿ. ಹೊಣೆ ಒಪ್ಪಿಸುವಾಗಲೂ ಅಷ್ಟೆ: ಯಾವ ತೀರ್ಮಾನಗಳನ್ನು ಅವರೇ ಕೈಗೊಳ್ಳಬಹುದು, ಯಾವುದಕ್ಕೆ ನಿಮ್ಮನ್ನು ಕೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ. ಆಮೇಲೆ ಪ್ರತಿ ಇ-ಮೇಲಿನ ಪ್ರತಿಯನ್ನೂ ತರಿಸಿಕೊಳ್ಳುತ್ತ ಕುಳಿತರೆ ಒಪ್ಪಿಸಿದ್ದು ಬರೀ ಹೆಸರಿಗಾಗುತ್ತದೆ.

ಕೊಟ್ಟ ಮಾತು ತಪ್ಪಿದ್ದರೆ ಸಮಜಾಯಿಷಿಗಿಂತ ಮೊದಲು ಸಂಗತಿಯನ್ನು ಒಪ್ಪಿಕೊಳ್ಳಿ. ಏನು ಹೇಳಿದ್ದಿರಿ, ಏನಾಯಿತು, ಅದರಿಂದ ಯಾರಿಗೆ ತೊಂದರೆಯಾಯಿತು ಎಂಬುದನ್ನು, ಮಾತು ಕೊಟ್ಟಾಗ ಅಲ್ಲಿದ್ದ ಎಲ್ಲರ ಮುಂದೆಯೇ ಹೇಳಬೇಕು. ಹೊಸ ಗಡುವನ್ನು ಮಾತ್ರ, ಅದನ್ನು ಪಾಲಿಸಲು ಬೇಕಾದ ಅನುಮತಿಗಳೆಲ್ಲ ಕೈಸೇರಿದ ಮೇಲೆ ಪ್ರಕಟಿಸಬೇಕು.